ಮೈಕಿನಲ್ಲೇ ತಿದ್ದಿದ ಸಾಲು

ಇಲೊಯಿಲೊ ಪಟ್ಟಣದ ಜೆಟ್ಟಿಯಿಂದ ಗಿಮರಾಸ್ ದ್ವೀಪಕ್ಕೆ ದಿನಾ ದೋಣಿ ಹತ್ತುವವರಲ್ಲಿ ಪೊಲಿಕಾರ್ಪಿಯಾ ನೊಬ್ಲೆಸಾದಾಳ ಮುಖ ಕಂಡವರು ಕಡಿಮೆ. ಅವಳ ದನಿ ಕೇಳದವರು ಮಾತ್ರ ಒಬ್ಬರೂ ಇರಲಿಲ್ಲ. ಟಿಕೆಟ್ ಕಿಟಕಿಯ ಮೇಲಿನ ಗಾಜಿನ ಗೂಡಿನಲ್ಲಿ ಕೂತು ಮೂವತ್ತೊಂದು ವರ್ಷ ಅವಳು ಧ್ವನಿವರ್ಧಕದಲ್ಲಿ ದೋಣಿಗಳನ್ನು ಕರೆದಳು, ಕಳಿಸಿದಳು, ತಡವಾಗಿ ಬಂದವರನ್ನು ಗದರಿದಳು, ತಪ್ಪಿಸಿಕೊಂಡ ಮಕ್ಕಳ ಅಂಗಿಯ ಬಣ್ಣ ಹೇಳಿ ತಾಯಂದಿರನ್ನು ಓಡಿಬರುವಂತೆ ಮಾಡಿದಳು. ಅಷ್ಟುದ್ದದ ಹೆಸರು ಕರೆಯಲು ಯಾರಿಗೆ ಪುರುಸೊತ್ತು? ಚಿಕ್ಕವರಿಗೆಲ್ಲ ಅವಳು ನಾಂಗ್ ಕಾರ್ಪಿಂಗ್, ಅಂದರೆ ಕಾರ್ಪಿಂಗಕ್ಕ. ದೊಡ್ಡವರಿಗೆ ಬರೀ ಕಾರ್ಪಿಂಗ್.

ಅವಳು ಮದುವೆಯಾಗಲಿಲ್ಲ. ಯಾರಾದರೂ ಕೇಳಿದರೆ, "ಹೊರಡೋ ಹೊತ್ತನ್ನೇ ಹೇಳ್ತಾ ಕೂತೋಳ ಹತ್ರ ಯಾವ ಗಂಡಸು ನಿಲ್ತಾನೆ?" ಎಂದು ತಾನೇ ಮೊದಲು ನಕ್ಕುಬಿಡುತ್ತಿದ್ದಳು. ಆ ನಗುವಿನ ಎದುರು ಎರಡನೆಯ ಪ್ರಶ್ನೆ ಹುಟ್ಟುತ್ತಿರಲಿಲ್ಲ.

ಅವಳು ಪದ ಕಟ್ಟಲು ಶುರುಮಾಡಿದ್ದು ಒಂದು ಗಾಳಿಯ ದಿನ. ಸಮುದ್ರ ಕೆರಳಿತ್ತು, ದೋಣಿ ಬಿಡಬಾರದೆಂದು ಅಪ್ಪಣೆಯಾಗಿತ್ತು. ನಾಲ್ಕು ಗಂಟೆ ಹೊತ್ತು ಮುನ್ನೂರು ಜನ ಜೆಟ್ಟಿಯಲ್ಲಿ ಒಬ್ಬರ ಕಾಲು ಒಬ್ಬರು ತುಳಿಯುತ್ತ ನಿಂತಿದ್ದರು. ಬೈಗುಳ ಜೋರಾಗುತ್ತ ಬಂತು. ಸಾರಲು ಏನೂ ಸುದ್ದಿಯಿಲ್ಲದ ಕಾರ್ಪಿಂಗ್ ಮೈಕಿನ ಗುಂಡಿ ಒತ್ತಿ, ಸಮುದ್ರವನ್ನು ಜಗಳಗಂಟಿ ಅತ್ತೆಗೆ ಹೋಲಿಸಿ ಪ್ರಾಸ ಕೂಡಿಸಿ ನಾಲ್ಕು ಸಾಲು ಹೇಳಿದಳು. ಜನ ಗೊಳ್ಳೆಂದರು. ಜೆಟ್ಟಿಯ ಮೇಲ್ವಿಚಾರಕ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದ.

"ಏನ್ರೀ ನಾಂಗ್ ಇದು? ಸರ್ಕಾರಿ ಮೈಕಲ್ಲಿ ಪದ ಹಾಡ್ತಿದೀರಾ?"

"ದೋಣಿ ಬಿಡಿಸಿ ಸರ್, ಈಗಲೇ ನಿಲ್ಲಿಸ್ತೀನಿ."

ಅವನು ಕಿಟಕಿಯಿಂದ ಸಮುದ್ರದ ಕಡೆ ನೋಡಿದ, ಕೆಳಗಿನ ಜನರ ಕಡೆ ನೋಡಿದ, ಮೆಟ್ಟಿಲು ಇಳಿದು ಹೋದ. ಅಲ್ಲಿಂದ ಮುಂದೆ ದೋಣಿ ತಡವಾದಾಗಲೆಲ್ಲ ಪದ ಬಂತು. ಮನೆಗೆ ಹೋಗಿ ಅವನ್ನೆಲ್ಲ ಶಾಲಾಮಕ್ಕಳ ನೋಟ್‌ಬುಕ್ಕಿನಲ್ಲಿ ಬರೆದಿಡುವುದು ಅಭ್ಯಾಸವಾಯಿತು. ಹಾಗೆ ಬರೆಯುವಾಗ ಒಂದು ವಿಷಯ ಅವಳಿಗೇ ಬೆರಗು ಹುಟ್ಟಿಸಿತು. ಮೈಕಿನಲ್ಲಿ ಅವಳದು ಪಟ್ಟಣದ ನಯವಾದ ಮಾತು. ಪೆನ್ನು ಹಿಡಿದರೆ ಮಾತ್ರ ಹುಟ್ಟೂರು ಮಿಯಾಗಾವ್‌ನ ಕಿನರಾಯಾ ನುಡಿಯೇ ಬರುತ್ತಿತ್ತು. ಪಟ್ಟಣದವರು ಮಳೆಗೆ ಉಲಾನ್ ಅಂದರೆ ಮಿಯಾಗಾವ್‌ನವರು ಉರಾನ್ ಅನ್ನುತ್ತಾರೆ. ಹೊಸದಾಗಿ ಕೆಲಸಕ್ಕೆ ಸೇರಿದಾಗ ಒಮ್ಮೆ ಬಾಯಿತಪ್ಪಿ ಮೈಕಿನಲ್ಲಿ ಉರಾನ್ ಅಂದದ್ದಕ್ಕೆ ಟಿಕೆಟ್ ಹರಿಯುವ ಹುಡುಗಿಯರು ಒಂದು ತಿಂಗಳು ಆಡಿಕೊಂಡಿದ್ದರು. ಆಮೇಲೆ ನಾಲಿಗೆ ಪಳಗಿತು. ಕೈ ಪಳಗಲಿಲ್ಲ.

ಅರವತ್ತಕ್ಕೆ ಕೆಲಸದಿಂದ ನಿವೃತ್ತಿಯಾಯಿತು. ನೋಟ್‌ಬುಕ್ಕುಗಳು ಹದಿನೇಳಾಗಿದ್ದವು. ಅವು ತಗಡಿನ ಪೆಟ್ಟಿಗೆಯಲ್ಲೇ ಇದ್ದುಬಿಡುತ್ತಿದ್ದವೋ ಏನೋ. ಆದರೆ ನದಿ ದಂಡೆಯ ಬಡಾವಣೆಯ ಸಾರ್ವಜನಿಕ ಗ್ರಂಥಾಲಯಕ್ಕೆ ಜೆನಾಲಿನ್ ಎಂಬ ಹುಡುಗಿ ಗ್ರಂಥಪಾಲಕಿಯಾಗಿ ಬಂದಳು. ಗಿಮರಾಸ್‌ನಿಂದ ದಿನಾ ದೋಣಿಯಲ್ಲಿ ಶಾಲೆಗೆ ಬಂದು ಬೆಳೆದವಳು ಅವಳು. ಒಂದು ದಿನ ಕಾರ್ಪಿಂಗ್ ಪೇಪರು ಓದಲು ಹೋಗಿ, "ಕನ್ನಡಕ ಮರೆತು ಬಂದಿದೀನಿ ಮಗಳೇ, ದೊಡ್ಡಕ್ಷರದ ಪೇಪರ್ ಯಾವುದಿದೆ?" ಎಂದು ಕೇಳಿದ್ದೇ ತಡ, ಹುಡುಗಿ ಕುರ್ಚಿಯಿಂದ ಎದ್ದು ನಿಂತಳು.

"ನೀವು ಜೆಟ್ಟಿ ದನಿ! ನಾನು ಏಳನೇ ಕ್ಲಾಸಲ್ಲಿದ್ದಾಗ ಪರೀಕ್ಷೆ ತಪ್ಪಿಹೋಗುತ್ತೆ ಅಂತ ಅಳ್ತಾ ನಿಂತಿದ್ದೆ, ನೀವು ಸಮುದ್ರದ ಅತ್ತೆ ಪದ ಹೇಳಿದ್ರಿ. ಅದು ಎಲ್ಲಿ ಬರೆದಿದೆ? ನಂಗೆ ಬೇಕು."

ಹುಡುಗಿ ಬೆನ್ನು ಬಿಡಲಿಲ್ಲ. ವರ್ಷಪೂರ್ತಿ ಸಂಜೆ ಸಂಜೆ ಕೂತು ನೋಟ್‌ಬುಕ್ಕುಗಳನ್ನು ಕಂಪ್ಯೂಟರಿಗೆ ಹಾಕಿದಳು. ನಾಲ್ಕೈದು ಹೆಂಗಸರು ಸೇರಿ ನಡೆಸುವ ಒಂದು ಸಣ್ಣ ಪ್ರಕಾಶನ ಮುನ್ನೂರು ಪ್ರತಿ ಅಚ್ಚು ಹಾಕಿತು. ಪುಸ್ತಕದ ಹೆಸರು 'ಜೆಟ್ಟಿಯಲ್ಲಿ ನಿಂತವರಿಗೆ'. ಅರವತ್ತೊಂದನೆಯ ವಯಸ್ಸಿಗೆ ಮೊದಲ ಪುಸ್ತಕ. "ತಡ ಆಯ್ತಲ್ವಾ ನಾಂಗ್?" ಎಂದವರಿಗೆ ಅವಳು ಹೇಳಿದ್ದಿಷ್ಟೇ: "ತಡವಾಗಿ ಬಂದ ದೋಣೀನ ಯಾರೂ ವಾಪಸ್ ಕಳಿಸಲ್ಲ."

ಗ್ರಂಥಾಲಯದಲ್ಲಿ ಪುಸ್ತಕದ ಬಗ್ಗೆ ಮಾತುಕತೆ ಎಂದು ಅಕ್ಟೋಬರಿನ ಒಂದು ಶನಿವಾರ ಬೆಳಗ್ಗೆಗೆ ನಿಗದಿಯಾಯಿತು. ಕಾಲೇಜಿನಿಂದ ಪ್ರೊಫೆಸರ್ ಸೊರೊಂಗೊನ್ ಬಂದು ಪ್ರಶ್ನೆ ಕೇಳುವುದು, ಕಾರ್ಪಿಂಗ್ ಉತ್ತರ ಹೇಳುವುದು, ನಡುನಡುವೆ ಪದ್ಯ ಓದುವುದು. ಹಿಂದಿನ ಎರಡು ದಿನ ಬಿಡದೆ ಮಳೆ ಹೊಯ್ದಿತ್ತು. ಕಾರ್ಪಿಂಗ್ ಪೆಟ್ಟಿಗೆಯ ತಳದಿಂದ ಅಮ್ಮನ ಪತಾದ್ಯೊಂಗ್ ತೆಗೆದು, ಕೊಡವಿ ಉಟ್ಟಳು. ಕೆಂಪು, ಹಸಿರು, ಬಿಳಿ ಚೌಕಳಿಯ ಸೊಂಟದ ಬಟ್ಟೆ. ಅಮ್ಮ ಮಗ್ಗದಲ್ಲಿ ನೇಯ್ದದ್ದು. ಪುಸ್ತಕದಲ್ಲಿ ಎಲ್ಲರೂ ಮೆಚ್ಚಿದ ಪದ್ಯ ಈ ಬಟ್ಟೆಯ ಮೇಲೆಯೇ ಇತ್ತು. ಪತ್ರಿಕೆಯೊಂದು ಅದೊಂದನ್ನೇ ಎತ್ತಿ ಚೌಕಟ್ಟು ಹಾಕಿ ಅಚ್ಚು ಮಾಡಿತ್ತು.

ಗ್ರಂಥಾಲಯದ ಬಾಗಿಲಲ್ಲಿ ಜೆನಾಲಿನ್ ಅಳುಮುಖ ಮಾಡಿಕೊಂಡು ನಿಂತಿದ್ದಳು.

"ನಾಂಗ್, ಏನು ಹೇಳ್ಲಿ? ಆರೋಗ್ಯ ಕೇಂದ್ರದೊಳಗೆ ಮೊಣಕಾಲುದ್ದ ನೀರು. ವಯಸ್ಸಾದವರ ಬಿ.ಪಿ., ಸಕ್ಕರೆ ಪರೀಕ್ಷೆ ಎಲ್ಲ ಇಲ್ಲಿಗೇ ತಂದಿದಾರೆ. ಇರೋದು ಒಂದೇ ಹಾಲು. ಅರವತ್ತು ಜನ ಚೀಟಿ ಹಿಡ್ಕೊಂಡು ಕೂತಿದಾರೆ. ನಿಮ್ಮ ಪುಸ್ತಕಕ್ಕೆ ಅಂತ ಬಂದಿರೋದು ಏಳು ಜನ. ಮುಂದಿನ ವಾರಕ್ಕೆ ಹಾಕೋಣ್ವಾ?"

ಕಾರ್ಪಿಂಗ್ ಒಳಗೆ ಇಣುಕಿದಳು. ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಮುದುಕ ಮುದುಕಿಯರು ಒದ್ದೆ ಕೊಡೆ ಕಾಲ ಬಳಿ ಇಟ್ಟುಕೊಂಡು, ಚೀಟಿಯನ್ನು ಆಗಾಗ ತಿರುಗಿಸಿ ನೋಡುತ್ತ ಕೂತಿದ್ದರು. ಮೂಲೆಯ ಮೇಜಿನಲ್ಲಿ ಎಡ್ಗಾರ್ ಎಂಬ ನರ್ಸ್, ದನಿಯೇ ಇಲ್ಲದ ಸಂಕೋಚದ ಹುಡುಗ, "ಹದಿಮೂರು... ನಂಬರ್ ಹದಿಮೂರು..." ಎಂದು ಪಿಸುಗುಡುತ್ತಿದ್ದ. ಯಾರಿಗೂ ಕೇಳಿಸುತ್ತಿರಲಿಲ್ಲ. ಹದಿಮೂರನೆಯವರು ಅವನೆದುರೇ ಕೂತು ತೂಕಡಿಸುತ್ತಿದ್ದರು.

"ಮುಂದಿನ ವಾರ ಯಾಕೆ?" ಎಂದಳು ಕಾರ್ಪಿಂಗ್. "ಬೇರೆ ಏನಕ್ಕೋ ಕಾಯ್ತಾ ಕೂತೋರ ಹತ್ರ ಮಾತಾಡೋದು ಬಿಟ್ಟು ನಂಗೆ ಇನ್ನೇನು ಬರುತ್ತೆ? ಮೈಕ್ ಎಲ್ಲಿದೆ?"

ನೇರ ಎಡ್ಗಾರನ ಮೇಜಿಗೆ ಹೋದಳು. "ನೋಡು ತೊತೊ, ಮರಿ, ನಿನ್ನ ಗಂಟಲು ಹೋಗಿದೆ. ನಂಬರನ್ನ ನಾನು ಕರೀತೀನಿ. ಐದು ನಂಬರಿಗೆ ಒಂದು ಪದ್ಯ. ಒಪ್ಪಿಗೆನಾ?"

ಎಡ್ಗಾರ್ ಕೈ ಮುಗಿಯುವುದೊಂದು ಬಾಕಿ.

ಮೈಕ್ ಕೈಗೆ ಬಂದ ಕೂಡಲೇ ಅವಳ ಬೆನ್ನು ನೆಟ್ಟಗಾಯಿತು. "ಗಮನಿಸಿ. ಹದಿಮೂರನೇ ನಂಬರಿನ ಪ್ರಯಾಣಿಕರು ನಿದ್ದೆ ಮುಗಿಸಿ ಮೇಜಿನ ಕಡೆ ಬರಬೇಕಾಗಿ ವಿನಂತಿ. ಹದಿನಾಲ್ಕು, ಹದಿನೈದು, ತೋಳು ಮೇಲಕ್ಕೆ ಮಡಚ್ಕೊಂಡು ಸಿದ್ಧವಾಗಿರಿ."

ಹಾಲಿನಲ್ಲಿ ಅರವತ್ತು ತಲೆಗಳು ಒಟ್ಟಿಗೆ ಎದ್ದವು. ಮೂರನೆಯ ಸಾಲಿನಿಂದ ಹಲ್ಲಿಲ್ಲದ ಒಬ್ಬ ಮುದುಕ ಬೆರಳು ತೋರಿಸಿ ಕೂಗಿದ. ಹಿಂದೆ ದೋಣಿ ನಡೆಸುತ್ತಿದ್ದ ಇಸ್ಕೊ.

"ಅದೇ ದನಿ! ನನ್ನ ದೋಣಿ ಹತ್ತು ನಿಮಿಷ ತಡ ಅಂತ ಊರಿಗೆಲ್ಲ ಸಾರಿದೋಳು ಇವ್ಳೇ!"

"ಹತ್ತಲ್ಲ ನೋಂಗ್ ಇಸ್ಕೊ, ಇಪ್ಪತ್ತು ಅಣ್ಣಾ. ಹತ್ತು ಅಂತ ಹೇಳಿ ನಿನ್ನ ಮಾನ ಉಳಿಸಿದ್ದೆ."

ಆ ನಗುವಿನ ಮೇಲೆಯೇ ಅವಳು ಮೊದಲ ಪದ್ಯ ಓದಿದಳು. ಕಾಯುತ್ತಿದ್ದವರು ಕೇಳುಗರಾಗಲು ಅಷ್ಟೇ ಸಾಕಾಯಿತು. ಹದಿನೆಂಟನೆಯ ನಂಬರಿನ ಹೊತ್ತಿಗೆ ಒಬ್ಬ ಹೆಂಗಸು ಎದ್ದು, "ಹಳ್ಳಿ ಮಾತಲ್ಲಿ ಬರೆದಿದೀರಿ, ಪಟ್ಟಣದೋರಿಗೆ ಹೇಗೆ ಅರ್ಥ ಆಗ್ಬೇಕು?" ಎಂದು ಕೇಳಿದಳು.

"ನಿಮಗೆ ಎಷ್ಟು ಅರ್ಥ ಆಯ್ತು?"

"ಸುಮಾರು ಮುಕ್ಕಾಲು ಪಾಲು."

"ಉಳಿದ ಕಾಲು ಪಾಲು ಪಕ್ಕದಲ್ಲಿ ಕೂತೋರನ್ನ ಕೇಳಿ. ಹೇಗೂ ನಿಮ್ಮ ನಂಬರ್ ನಲವತ್ತೆರಡು, ಬೇಕಾದಷ್ಟು ಹೊತ್ತಿದೆ."

ಅಷ್ಟರಲ್ಲಿ ಕಾರ್ಪಿಂಗಳ ಅಕ್ಕ ಬಂದಳು. ಮಾನಾಂಗ್ ದೇಲಿಂಗ್, ಅಂದರೆ ದೇಲಿಂಗಕ್ಕ, ಅರವತ್ತೈದು ವರ್ಷ, ಮಿಯಾಗಾವ್ ಬಿಟ್ಟು ಹೆಚ್ಚು ಹೊರಬಂದವಳಲ್ಲ. ಈಗಲೂ ಮಗ್ಗದಲ್ಲಿ ಕೂರುತ್ತಾಳೆ. ಎರಡು ಜೀಪ್ನಿ ಬದಲಾಯಿಸಿ, ಮಳೆಯಲ್ಲಿ ನೆನೆದು, ತೆಂಗಿನ ಎಳೆಗರಿಯಲ್ಲಿ ಸುತ್ತಿ ಬೇಯಿಸಿದ ಸಿಹಿ ಅಂಟಕ್ಕಿಯ ಇಬೋಸ್ ಒಂದು ಬುಟ್ಟಿ ಹೊತ್ತು ಬಂದಿದ್ದಳು. ಓದಿದ್ದು ಕಡಿಮೆ, ತಂಗಿಯ ಪುಸ್ತಕವನ್ನು ಬಿಡಿಸಿ ನೋಡಿರಲಿಲ್ಲ. ಮುಖಪುಟವನ್ನು ಮಾತ್ರ ಒರೆಸಿ ದೇವರ ಪಟದ ಪಕ್ಕ ಇಟ್ಟಿದ್ದಳು. ಬಾಗಿಲಲ್ಲಿ ಯಾರೋ ಚೀಟಿ ಕೊಟ್ಟರು, ಬಂದದ್ದು ಬಂದಾಗಿದೆ, ಬಿ.ಪಿ. ನೋಡಿಸಿಕೊಂಡೇ ಹೋದರಾಯಿತು ಎಂದು ಅವಳೂ ಚೀಟಿ ತೆಗೆದುಕೊಂಡು ಕೊನೆಯ ಸಾಲಿನಲ್ಲಿ ಕೂತಳು. ಕಾರ್ಪಿಂಗ್ ಮೈಕಿನಿಂದಲೇ ಅವಳತ್ತ ಹುಬ್ಬು ಹಾರಿಸಿದಳು.

ಪ್ರೊಫೆಸರ್ ಸೊರೊಂಗೊನ್ ಪ್ಯಾಂಟನ್ನು ಮೊಣಕಾಲಿಗೆ ಮಡಚಿ, ಚಪ್ಪಲಿ ಕೈಯಲ್ಲಿ ಹಿಡಿದು ಕೊನೆಗೂ ಬಂದರು. ಒಳ್ಳೆಯ ಮನುಷ್ಯ. ಪುಸ್ತಕವನ್ನು ನಿಜವಾಗಿ ಓದಿದ್ದರು. ಪುಟಗಳ ನಡುವೆ ಹಳದಿ ಕಾಗದದ ಗುರುತುಗಳು ಬಾಲದಂತೆ ಹೊರಗೆ ನೇತಾಡುತ್ತಿದ್ದವು. ಇನ್ನೊಂದು ಮೈಕ್ ತೆಗೆದುಕೊಂಡು ಗಂಟಲು ಸರಿಮಾಡಿಕೊಂಡರು.

"ನಿಮ್ಮ ಕವನಗಳಲ್ಲಿ ತಾಯಿ ಮತ್ತೆ ಮತ್ತೆ ಬರ್ತಾಳೆ. ಈ ತಾಯಿಯನ್ನ ನಾವು ಒಂದು ರೂಪಕ ಅಂತ ಓದಬಹುದಾ?"

"ಇಲ್ಲ ಸರ್. ಅಮ್ಮ ಅಂತ ಓದಿ."

"ಸರಿ," ಎಂದು ನಕ್ಕರು ಪ್ರೊಫೆಸರ್, ಸ್ವಲ್ಪವೂ ಬೇಸರಪಡದೆ. "ಹಾಗಾದ್ರೆ ಆ ಅಮ್ಮನ ಬಗ್ಗೆ ಹೇಳಿ. 'ನಾಲ್ಕನೆಯ ಚೌಕ' ಎಲ್ಲರಿಗೂ ಇಷ್ಟವಾದ ಪದ್ಯ."

ಕಾರ್ಪಿಂಗ್ ಕಾಯುತ್ತಿದ್ದದ್ದೇ ಅದಕ್ಕೆ. ಮುಂದೆ ಬಂದು, ಉಟ್ಟ ಬಟ್ಟೆಯ ಅಂಚನ್ನು ಅಂಗೈಯಲ್ಲಿ ಹಿಡಿದು ಎಲ್ಲರಿಗೂ ತೋರಿಸಿದಳು. "ನಮ್ಮಮ್ಮ ಮಿಯಾಗಾವ್‌ನಲ್ಲಿ ಹೆಸರಾದ ನೇಕಾರ್ತಿ. ಅಮ್ಮನ ಬಟ್ಟೆ ಅಂದ್ರೆ ಮೂರು ಊರಾಚೆಯಿಂದ ಹುಡುಕ್ಕೊಂಡು ಬರೋರು. ನಾನು ಹನ್ನೊಂದು ವರ್ಷಕ್ಕೆ ಓದೋಕೆ ಅಂತ ಪಟ್ಟಣಕ್ಕೆ, ಚಿಕ್ಕಮ್ಮನ ಮನೆಗೆ ಬಂದೆ. ಶನಿವಾರ ಊರಿಗೆ ಹೋಗ್ತಿದ್ದೆ. ಒಂದು ಶನಿವಾರ ಹೋದಾಗ ಮಗ್ಗದ ಮೇಲೆ ಇದಿತ್ತು. ಇಲ್ಲಿ ನೋಡಿ, ನಾಲ್ಕನೇ ಚೌಕ. ಒಂದು ಕೆಂಪು ಎಳೆ ಹಸಿರಿನ ಒಳಗೆ ನುಗ್ಗಿಬಿಟ್ಟಿದೆ. ಅಮ್ಮನಂಥ ಅಮ್ಮ ತಪ್ಪಿದ್ದು ಅದೊಂದೇ ಸಲ." ಮತ್ತೆ ಪುಸ್ತಕ ನೋಡದೆ ಬಾಯಿಪಾಠ ಹೇಳಿದಳು:

"ನಾಲ್ಕನೆಯ ಚೌಕದಲ್ಲಿ ಒಂದು ಕೆಂಪೆಳೆ ದಾರಿ ತಪ್ಪಿತು.
ಅಮ್ಮ ನೋಡಿದಳು, ಬಿಚ್ಚಲಿಲ್ಲ.
ಇರಲಿ ಬಿಡು ಮಗಳೇ ಅಂದಳು,
ಬಟ್ಟೆಗೂ ಉಸಿರಾಡಲು ಒಂದು ಕಿಂಡಿ ಬೇಕು."

ಪದ್ಯ ಮುಗಿದದ್ದೇ ತಡ, ಕೊನೆಯ ಸಾಲಿನಿಂದ ಕಿಸಕ್ ಎಂದು ಒಂದು ನಗು ಹೊರಟಿತು. ಮೂಗಿನಲ್ಲಿ ತಡೆಹಿಡಿಯಲು ಹೋಗಿ ತಡೆಯಲಾಗದ ನಗು. ಅದು ಯಾರ ಮೂಗೆಂದು ಕಾರ್ಪಿಂಗಳಿಗೆ ಗೊತ್ತಿತ್ತು.

"ಯಾಕೆ ಮಾನಾಂಗ್, ನಗು?"

"ಏನಿಲ್ಲ ಕಣೆ, ಓದು ಓದು." ದೇಲಿಂಗ್ ಕೈಯಿಂದ ಬಾಯಿ ಮುಚ್ಚಿಕೊಂಡಳು.

"ಏನಿಲ್ಲ ಅಂದ್ರೆ ಯಾರೂ ಹಾಗೆ ನಗಲ್ಲ. ಹೇಳು."

"ಜನ ಅವ್ರೆ ಕಣಮ್ಮ ಇಂದಾಯ್. ಮನೇಲಿ ಹೇಳ್ತೀನಿ."

ಮೈಕ್ ಕೈಯಲ್ಲಿರುವಾಗ ಕಾರ್ಪಿಂಗ್ ಯಾರಿಗೂ ಸೋತವಳಲ್ಲ. "ಗಮನಿಸಿ," ಎಂದಳು ಜೆಟ್ಟಿಯ ದನಿಯಲ್ಲಿ, "ಕೊನೇ ಸಾಲಿನ ಪ್ರಯಾಣಿಕರು ತಮ್ಮ ಬಳಿ ಇರುವ ಸಾಮಾನನ್ನು ಈಗಲೇ ಒಪ್ಪಿಸಬೇಕು." ಎಲ್ಲರೂ ನಕ್ಕರು, ಎಲ್ಲರೂ ಹಿಂದೆ ತಿರುಗಿದರು. ದೇಲಿಂಗ್‌ಗೆ ಏಳದೆ ವಿಧಿಯಿರಲಿಲ್ಲ. ಕೈಯಲ್ಲಿ ಚೀಟಿ ಸುರುಳಿ ಸುತ್ತುತ್ತ ಎದ್ದು ನಿಂತಳು.

"ಅಮ್ಮ ನೋಡ್ಲಿಲ್ಲ ಕಣೆ," ಎಂದಳು. "ಅಮ್ಮಂಗೆ ಎಳೆ ಕಾಣ್ತಿರ್ಲಿಲ್ಲ. ನೀನು ಪಟ್ಣಕ್ಕೆ ಹೋದ ಮಾರನೇ ವರ್ಷಾನೇ ಅಮ್ಮನ ಕಣ್ಣಿಗೆ ಪೊರೆ ಬಂತು. ಮುಖ ಕಾಣೋದು, ದಾರಿ ಕಾಣೋದು, ಎಳೆ ಕಾಣ್ತಿರ್ಲಿಲ್ಲ. ಅದು ನಾನು ನೇಯ್ದಿದ್ದು."

ಕಾರ್ಪಿಂಗ್ ಬಾಯಿ ತೆರೆದಳು. ಮೂವತ್ತೊಂದು ವರ್ಷದಲ್ಲಿ ಮೈಕ್ ಹಿಡಿದು ಅವಳು ಸುಮ್ಮನೆ ನಿಂತದ್ದು ಅದೇ ಮೊದಲು. ಕೊನೆಗೆ ಹೊರಟ ದನಿ ಪಟ್ಟಣದ್ದಾಗಿರಲಿಲ್ಲ.

"ಇದೊಂದಾ?"

"ಇದೊಂದಲ್ಲ. ಅಮ್ಮ ಸಾಯೋಗಂಟ ಎಲ್ಲಾನೂ. ಏಳೆಂಟು ವರ್ಷ."

"ಎಲ್ರೂ ಅಮ್ಮನ ಬಟ್ಟೆ ಅಂತ..."

"ಕೊಳ್ಳೋರು ಅಮ್ಮನ ಹೆಸರು ಕೇಳ್ಕೊಂಡು ಬರೋರು. ಹದಿನಾರು ವರ್ಷದ ಹುಡ್ಗಿ ನೇಯ್ದಿದ್ದು ಅಂದ್ರೆ ಯಾರು ತಕ್ಕೊಳ್ತಿದ್ರು? ಯಾರಾದ್ರೂ ಬಂದ್ರೆ ನಾನು ಎದ್ದು ಒಲೆ ಹತ್ರ ಹೋಗೋಳು, ಅಮ್ಮ ಮಗ್ಗದಲ್ಲಿ ಕೂರೋಳು. ನೀನು ಬಂದಾಗ್ಲೂ ಅಷ್ಟೇ. ನಿಂಗೆ ಗೊತ್ತಾದ್ರೆ ಓದು ಬಿಟ್ಟು ಬಂದ್ಬಿಡ್ತೀಯ ಅಂತ ಅಮ್ಮಂಗೆ ಭಯ."

ಎಡ್ಗಾರ್ ಅಭ್ಯಾಸಬಲದಿಂದ "ಇಪ್ಪತ್ತೊಂಬತ್ತು..." ಎಂದು ಪಿಸುಗುಟ್ಟಿದ. ಇಪ್ಪತ್ತೊಂಬತ್ತನೆಯವರೇ ತಿರುಗಿ, "ಸುಮ್ನಿರಪ್ಪ!" ಎಂದು ಗದರಿದರು.

"ಮತ್ತೆ ಆ ಕಿಂಡಿ ಮಾತು?" ಎಂದು ಕೇಳಿದಳು ಕಾರ್ಪಿಂಗ್. "ಅದನ್ನ ನಾನೇ ನನ್ನ ಕಿವಿಯಾರೆ ಕೇಳಿದೀನಿ."

"ಅದು ನಿಜಾನೇ. ಅಮ್ಮ ಹೇಳಿದ್ಲು. ನೀನು ಬಂದೋಳೇ 'ಅಮ್ಮಾ, ಇಲ್ಲಿ ಎಳೆ ತಪ್ಪಿದೆ' ಅಂದ್ಬಿಟ್ಟೆ. ಅಮ್ಮಂಗೆ ಎಲ್ಲಿ ಅಂತಾನೇ ಗೊತ್ತಾಗ್ಲಿಲ್ಲ. ಸಿಕ್ಕಾಕ್ಕೊಂಡೆ ಅನ್ನೋ ಗಾಬ್ರೀಲಿ ಬಾಯಿಗೆ ಬಂದದ್ದು ಹೇಳಿದ್ಲು, ಕಿಂಡಿ ಗಿಂಡಿ ಅಂತ. ನೀನು ಜೀಪ್ನಿ ಹತ್ತಿ ಆಕಡೆ ಹೋಗಿದ್ದೇ, ಲಾಳಿ ತಕ್ಕೊಂಡು ನನ್ನ ತಲೆಗೆ ಒಂದು ಬಿಟ್ಲು. 'ನನ್ನ ಹೆಸರು ತೆಗೀತೀಯೇನೆ' ಅಂತ. ನೀನು ಅದನ್ನೇ ಇಷ್ಟು ಚೆಂದ ಮಾಡಿ ಹೇಳಿದ್ಯಲ್ಲ, ನಂಗೆ ಆ ಏಟು ಜ್ಞಾಪಕಕ್ಕೆ ಬಂದು ನಗು ತಡ್ಯಕ್ಕಾಗ್ಲಿಲ್ಲ."

ಹಾಲಿಗೆ ಹಾಲೇ ನಕ್ಕಿತು. ಪ್ರೊಫೆಸರ್ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡು ನಕ್ಕರು. ಕಾರ್ಪಿಂಗ್ ನಗಲಿಲ್ಲ. ಅವಳ ತಲೆಯೊಳಗೆ ಶನಿವಾರಗಳು ಒಂದೊಂದಾಗಿ ಹಿಂದಕ್ಕೆ ಸರಿಯುತ್ತಿದ್ದವು. ಅವಳು ಅಂಗಳಕ್ಕೆ ಕಾಲಿಡುವಾಗ ಅಕ್ಕ ಪ್ರತಿಸಲವೂ ಒಲೆಯ ಮುಂದೆಯೇ ಇರುತ್ತಿದ್ದಳು. ಅಕ್ಕನಿಗೆ ಓದಿನ ಮೇಲೆ ಮನಸ್ಸಿಲ್ಲ, ಅಡುಗೆಮನೆ ಬಿಟ್ಟರೆ ಬೇರೆ ಲೋಕವಿಲ್ಲ ಎಂದು ಅವಳು ಆಗಲೇ ತೀರ್ಮಾನ ಮಾಡಿಬಿಟ್ಟಿದ್ದಳು. ತನ್ನ ಶಾಲೆಯ ಬಿಳಿ ಅಂಗಿ, ಪುಸ್ತಕ, ಚಿಕ್ಕಮ್ಮನ ಮನೆಗೆ ಹೋಗುತ್ತಿದ್ದ ಅಕ್ಕಿ ಎಲ್ಲ ಆ ಮಗ್ಗದಿಂದಲೇ ಬಂದದ್ದು ಎಂಬುದು ಅವಳಿಗೆ ಗೊತ್ತಿತ್ತು. ಮಗ್ಗದಲ್ಲಿ ಕೂತವರು ಯಾರು ಎಂಬುದು ಗೊತ್ತಿರಲಿಲ್ಲ.

"ನಲವತ್ತೊಂಬತ್ತು ವರ್ಷ ಆಯ್ತಲ್ಲೇ ಮಾನಾಂಗ್. ಅಮ್ಮ ಹೋಗಿಯೇ ನಲವತ್ತೊಂದು ವರ್ಷ. ಒಂದು ಮಾತು ನಂಗೆ ಯಾಕೆ ಹೇಳ್ಲಿಲ್ಲ?"

"ನೀನು ಯಾವತ್ತು ಕೇಳ್ದೆ?" ದೇಲಿಂಗ್‌ಳ ದನಿಯಲ್ಲಿ ಕೋಪವಿರಲಿಲ್ಲ. "ನೀನು ಕೇಳೋಳಲ್ಲ, ಸಾರೋಳು."

ಇಸ್ಕೊ ತೊಡೆ ತಟ್ಟಿದ. "ಸರಿಯಾಗಿ ಹೇಳ್ದೆ ನಾಂಗ್!"

ಪ್ರೊಫೆಸರ್ ಮೆಲ್ಲಗೆ ಸಮಾಧಾನ ಹೇಳಲು ನೋಡಿದರು. ಕವಿತೆಯ ಸತ್ಯ ಬೇರೆ, ನಡೆದ ಸಂಗತಿಯ ಸತ್ಯ ಬೇರೆ, ಈ ಪದ್ಯ ಹೀಗೆಯೇ ನಿಲ್ಲುತ್ತದೆ, ಏನೂ ಮುಟ್ಟಬೇಕಾಗಿಲ್ಲ ಎಂದರು. ದೇಲಿಂಗ್ ಕೂಡ, "ಹೌದು ಸ್ವಾಮಿ, ಹಂಗೇ ಇರ್ಲಿ. ಅಮ್ಮ ಗುಟ್ಟಾಗಿ ಇಟ್ಟಿದ್ದನ್ನ ನಾನು ಇಷ್ಟು ಜನರ ಮುಂದೆ ಚೆಲ್ಲಿಬಿಟ್ಟೆ. ರಾತ್ರಿ ಕನಸಲ್ಲಿ ಬಂದು ಇನ್ನೊಂದು ಲಾಳಿ ಏಟು ಕೊಡ್ತಾಳೆ," ಎಂದಳು. ಜನರಲ್ಲಿ ಎರಡು ಪಕ್ಷವಾಯಿತು. ನಲವತ್ತೆರಡನೆಯ ನಂಬರಿನ ಹೆಂಗಸು, ತಾಯಿಯ ಹೆಸರು ತೆಗೆಯುವುದು ಪಾಪ ಎಂದಳು. ಅವಳ ಪಕ್ಕದವಳು, ಮಗಳ ಹೆಸರು ನುಂಗುವುದು ಪುಣ್ಯವೇ ಎಂದು ಕೇಳಿದಳು.

ಕಾರ್ಪಿಂಗ್ ಕೈ ಎತ್ತಿದಳು. ದನಿ ಮತ್ತೆ ಅವಳ ವಶಕ್ಕೆ ಬಂದಿತ್ತು.

"ಒಂದು ಸಲ ನಾನು ಎರಡೂವರೆಗೆ ಹೊರಡೋ ದೋಣೀನ ಮೂರೂವರೆ ಅಂತ ಸಾರಿಬಿಟ್ಟಿದ್ದೆ. ಪಕ್ಕದಲ್ಲಿದ್ದೋನು ಹೇಳ್ದ, ಹೋಗಿ ಒಬ್ಬೊಬ್ರ ಕಿವೀಲೂ ಹೇಳಿ ಬರ್ತೀನಿ, ನಿಮ್ಮ ಮರ್ಯಾದೆ ಉಳಿಯುತ್ತೆ ಅಂತ. ನಾನು ಬೇಡ ಅಂದೆ. ಮೈಕಲ್ಲಿ ತಪ್ಪು ಹೇಳಿದ್ರೆ ಮೈಕಲ್ಲೇ ತಿದ್ದಬೇಕು. ಇಲ್ದಿದ್ರೆ ಕೇಳಿಸಿಕೊಳ್ಳದೇ ಇದ್ದೋನಿಗೆ ದೋಣಿ ತಪ್ಪುತ್ತೆ." ಅವಳು ಪ್ರೊಫೆಸರ್ ಕಡೆ ತಿರುಗಿದಳು. "ಕವಿತೆ ಸತ್ಯ ಏನೋ ನೀವು ಹೇಳಿದ ಹಾಗೆ ಬೇರೆ ಇರಬಹುದು ಸರ್. ಆದ್ರೆ ನಾನು 'ಅಮ್ಮ ನೋಡಿದಳು' ಅಂತ ಬರೆದದ್ದು ಕವಿತೆಗೋಸ್ಕರ ಅಲ್ಲ, ಹಾಗೇ ಅಂತ ತಿಳ್ಕೊಂಡು. ಅದು ತಪ್ಪು. ಪೆನ್ನು ಕೊಡಿ."

ಅವಳು ಮೇಜಿಗೆ ಆತು ಒಂದು ನಿಮಿಷ ಯೋಚಿಸಿದಳು. ಎರಡು ಸಲ ಬರೆದು ಹೊಡೆದುಹಾಕಿದಳು. ಆಮೇಲೆ ಅವಳು ತನ್ನ ನುಡಿಯಲ್ಲೇ, ಉರಾನಿನ ರಕಾರದಲ್ಲೇ, ಓದಿದಳು:

"ನಾಲ್ಕನೆಯ ಚೌಕದಲ್ಲಿ ಅಕ್ಕನ ಕೆಂಪೆಳೆ ದಾರಿ ತಪ್ಪಿತು.
ಅಮ್ಮನಿಗೆ ಕಾಣಲಿಲ್ಲ, ನನಗೆ ಅಕ್ಕ ಕಾಣಲಿಲ್ಲ.
ಇರಲಿ ಬಿಡು ಮಗಳೇ ಅಂದಳು ಅಮ್ಮ,
ಬಟ್ಟೆಗೂ ಉಸಿರಾಡಲು ಒಂದು ಕಿಂಡಿ ಬೇಕು."

ಪ್ರೊಫೆಸರ್ ಮೈಕ್ ಕೆಳಗಿಟ್ಟು ಚಪ್ಪಾಳೆ ತಟ್ಟಿದರು. "ಮೊದಲಿನದಕ್ಕಿಂತ ಚೆನ್ನಾಗಿದೆ," ಎಂದರು.

"ಗೊತ್ತು," ಎಂದಳು ಕಾರ್ಪಿಂಗ್.

ದೇಲಿಂಗ್ ಕೂತುಬಿಟ್ಟಿದ್ದಳು. ಒದ್ದೆ ಅಂಗಿಯ ತೋಳಿನಿಂದ ಮುಖ ಒರೆಸುತ್ತ, ಪಕ್ಕದವರು ಕೇಳದಿದ್ದರೂ, "ಮಳೆಲಿ ನೆಂದಿದ್ದೆ," ಎಂದು ವಿವರ ಕೊಟ್ಟಳು. ಇಬೋಸ್ ಬುಟ್ಟಿ ಸಾಲಿನಿಂದ ಸಾಲಿಗೆ ಹೋಯಿತು. ಸಕ್ಕರೆ ಪರೀಕ್ಷೆಗೆ ಬಂದವರು ತಿನ್ನಬಾರದೆಂದು ಎಡ್ಗಾರ್ ಎದ್ದು ಓಡಾಡಿದ. ಆ ಒಂದು ವಿಷಯದಲ್ಲಿ ಅವನ ಮಾತನ್ನು ಯಾರೂ ಕೇಳಲಿಲ್ಲ.

ಪುಸ್ತಕಕ್ಕೆಂದು ಬಂದವರು ಏಳು ಜನ, ಹೋಗುವಾಗ ಪುಸ್ತಕ ಹಿಡಿದು ಹೋದವರು ಮೂವತ್ತೆಂಟು. ಪ್ರತಿಯೊಂದನ್ನೂ ಕಾರ್ಪಿಂಗ್ ಆ ಪುಟಕ್ಕೆ ತಿರುವಿ, ಮೂರು ಸಾಲು ಹೊಡೆದು, ಅಂಚಿನಲ್ಲಿ ಹೊಸದನ್ನು ಕೈಯಾರೆ ಬರೆದು, ಕೆಳಗೆ ಸಹಿ ಹಾಕಿದಳು. ದೇಲಿಂಗ್ ಪಕ್ಕದಲ್ಲಿ ನಿಂತು, ಅಕ್ಷರ ಪೂರ್ತಿ ತಿಳಿಯದಿದ್ದರೂ, ಗೆರೆ ಸೊಟ್ಟಗಾಗದಂತೆ ಕಾವಲು ಕಾದಳು. ಮಿಕ್ಕ ಪ್ರತಿಗಳನ್ನು ಮುಂದಿನ ವಾರ ಜೆನಾಲಿನ್ ಜೊತೆ ಕೂತು ತಿದ್ದಿದ್ದಾಯಿತು. ಮೊದಲೇ ಮಾರಿಹೋಗಿದ್ದವನ್ನು ಏನು ಮಾಡುವುದು ಎಂದು ಜೆನಾಲಿನ್ ಕೇಳಿದಾಗ, ಪದ್ಯವನ್ನು ಅಚ್ಚು ಮಾಡಿದ್ದ ಪತ್ರಿಕೆಗೆ ಕಾಗದ ಬರೆಸಿದಳು. ತಿದ್ದುಪಡಿ ಬಂತು. ಚಿಕ್ಕದಾಗಿ, ಆದರೆ ಬಂತು.

ಆ ದಿನ ದೇಲಿಂಗ್‌ಳ ಬಿ.ಪಿ. ಮಾತ್ರ ಏರಿಯೇ ಇತ್ತು. ಒಣಮೀನು ಬಿಡಬೇಕೆಂದ ಎಡ್ಗಾರ್. "ಜೀವ ಬೇಕಾದ್ರೆ ಬಿಡ್ತೀನಿ," ಎಂದಳು ಅವಳು. ಗುಳಿಗೆ ತೆಗೆದುಕೊಳ್ಳುತ್ತಾಳೋ ಇಲ್ಲವೋ ನೋಡಬೇಕಲ್ಲ ಎಂಬ ನೆಪ ಹೇಳಿ ಕಾರ್ಪಿಂಗ್ ಪ್ರತಿ ಭಾನುವಾರ ಮಿಯಾಗಾವ್‌ಗೆ ಹೋಗತೊಡಗಿದಳು. ನೋಟ್‌ಬುಕ್ಕುಗಳೂ ಜೊತೆಗೆ ಹೋದವು. ಎರಡನೆಯ ಪುಸ್ತಕ ಬರಬೇಕಿತ್ತು, 'ಮೊದಲು ನಂಗೆ ಓದಿ ಹೇಳು' ಎಂದು ಅಕ್ಕನ ಅಪ್ಪಣೆಯಾಗಿತ್ತು. ಒಬ್ಬಳು ಮಗ್ಗದಲ್ಲಿ ಕೂತರೆ ಇನ್ನೊಬ್ಬಳು ಎದುರಿನ ಬಿದಿರು ಬೆಂಚಿನಲ್ಲಿ ಕೂತು ಓದುತ್ತಿದ್ದಳು. ಲಾಳಿ ಓಡುತ್ತಿದ್ದರೆ ಪದ್ಯ ಸರಿಯಿದೆ ಎಂದರ್ಥ. ನಿಂತರೆ ಏನೋ ಕಾದಿದೆ.

ಈಗ ಕಾರ್ಪಿಂಗ್ ಓದುವುದಕ್ಕಿಂತ ಮೊದಲು ಕೇಳುತ್ತಿದ್ದಳು. ಆ ವರ್ಷ ಬಿರುಗಾಳಿಗೆ ಹಾರಿದ್ದು ಯಾರ ಮನೆಯ ಸೂರು, ಅಪ್ಪ ಹಾಡುತ್ತಿದ್ದದ್ದು ಯಾವ ಹಾಡು, ಪಕ್ಕದ ಮನೆಯ ಅಜ್ಜಿ ಸತ್ತದ್ದು ಸುಗ್ಗಿಗೆ ಮೊದಲೋ ಆಮೇಲೋ. ಎಷ್ಟೋ ಕಡೆ ಅಕ್ಕ ಹೇಳಿದಂತೆ ತಿದ್ದಿದಳು. ಎಲ್ಲ ಕಡೆಯೂ ಅಲ್ಲ. ಚಿಕ್ಕಂದಿನಲ್ಲಿ ಸಾಕಿದ ಮೇಕೆಯ ಮೇಲಿನ ಪದ್ಯ ಓದುವಾಗ ಲಾಳಿ ನಿಂತಿತು.

"ಬಿಳೀ ಮೇಕೆ ಅಲ್ಲ ಕಣೆ ಇಂದಾಯ್. ಕಂದು. ಕಿವಿ ಹತ್ರ ಮಾತ್ರ ಒಂಚೂರು ಬಿಳೀ ಇತ್ತು."

ಕಾರ್ಪಿಂಗ್ ಪುಟದ ಮೇಲೆ ಪೆನ್ನು ಹಿಡಿದು ಸ್ವಲ್ಪ ಹೊತ್ತು ನೋಡಿದಳು. ಸಾಲನ್ನು ಮನಸ್ಸಿನಲ್ಲೇ ಕಂದು ಮಾಡಿ ನೋಡಿದಳು. ಪೆನ್ನಿನ ಮುಚ್ಚಳ ಹಾಕಿದಳು.

"ನನ್ನ ಪದ್ಯದಲ್ಲಿ ಬಿಳೀದೇ ಇರುತ್ತೆ ಮಾನಾಂಗ್. ಬೇಕಾದ್ರೆ ಮೇಕೇನೇ ಬಂದು ದೂರು ಕೊಡ್ಲಿ."

ದೇಲಿಂಗ್ ಮೂಗಿನಲ್ಲಿ ನಕ್ಕು, ಕಾಲಿನಿಂದ ಮಗ್ಗದ ಹಲಗೆ ಒತ್ತಿದಳು. "ಮುಂದಿಂದು ಓದು," ಎಂದಳು.